ಟ್ರಂಕಿನ ತಳದ ಕಾರ್ಡು

ನಮ್ಮ ಓಣಿಯ ಹಿರಿಯರೊಬ್ಬರಿಗೆ ನಡುರಾತ್ರಿ ಎದೆನೋವು ಬಂತು. ಓಣಿಯವರೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತೇವೆ. ನಾನು ಹೋಗುವ ಹೊತ್ತಿಗೆ ಆ ಮನೆಯಲ್ಲಿ ಮೂರು ಕೆಲಸ ಏಕಕಾಲಕ್ಕೆ ನಡೆದಿದ್ದವು. ಕಾಕಿ ದೇವರ ಗೂಡಿನ ಮುಂದೆ ಕುಳಿತು ಅರಿಶಿನದ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ಮುಡಿಪು ಕಟ್ಟುತ್ತಿದ್ದರು. ದೊಡ್ಡ ಮಗ ಸಾಹುಕಾರರ ಬಾಗಿಲು ಬಡಿಯಲು ಓಡಿದ್ದ. ಸಣ್ಣ ಮಗ ಮೊಬೈಲಿನ ಬೆಳಕಿನಲ್ಲಿ ಕಬ್ಬಿಣದ ಟ್ರಂಕು ತೆರೆದು, ಹೊಲದ ಪಾಸ್‌ಬುಕ್ಕು, ಸೊಸೆಯ ಹತ್ತನೆಯ ತರಗತಿಯ ಸರ್ಟಿಫಿಕೇಟು, ಎಂದೋ ಮಾರಿದ ಎತ್ತಿನ ಚೀಟಿ, ಒಂದೊಂದನ್ನೇ ನೆಲಕ್ಕೆ ಸುರಿಯುತ್ತಿದ್ದ. ಅವನು ಹುಡುಕುತ್ತಿದ್ದದ್ದು ರೇಷನ್ ಕಾರ್ಡು. ಆರೋಗ್ಯಶ್ರೀ ಎಂಬ ಸರ್ಕಾರಿ ಯೋಜನೆಯ ಬಿಟ್ಟಿ ಚಿಕಿತ್ಸೆಗೆ ಅದನ್ನೇ ತೋರಿಸಬೇಕಿತ್ತು.

ಮುಡಿಪು ಮೊದಲು ಸಿದ್ಧವಾಯಿತು. ಆಮೇಲೆ ಸಾಹುಕಾರರ ಲಕ್ಷ ರೂಪಾಯಿ ಬಂತು. ಕಾರ್ಡು ಸಿಗಲಿಲ್ಲ. ಬಾಡಿಗೆ ಕಾರು ಮಕ್ತಲ್ ದಾಟಿ, ಕೃಷ್ಣೆಯ ಸೇತುವೆ ದಾಟಿ ಕರ್ನಾಟಕದ ರಾಯಚೂರಿನ ಕಡೆ ಹೊರಟುಹೋಯಿತು.

ಕಾಕಾ ಬದುಕಿದರು. ಆ ಸಂತೋಷ ದೊಡ್ಡದು, ಅದನ್ನು ಮೊದಲು ಹೇಳಿಬಿಡುತ್ತೇನೆ. ಕಾರ್ಡು ಮೂರನೆಯ ದಿನ ಟ್ರಂಕಿನ ತಳದಲ್ಲಿ, ಹಾಸಿದ್ದ ಹಳೆಯ ಪೇಪರಿನ ಅಡಿಯಲ್ಲಿ ಸಿಕ್ಕಿತು. ಸಣ್ಣ ಮಗ ಬಸ್ಸು ಹಿಡಿದು ಅದನ್ನು ಒಯ್ದರೆ, ಇದು ನಿಮ್ಮ ರಾಜ್ಯದ ಯೋಜನೆ, ನಮ್ಮಲ್ಲಿ ನಡೆಯುವುದಿಲ್ಲ ಎಂದು ಆಸ್ಪತ್ರೆಯ ಕೌಂಟರಿನವರು ಹಿಂದಿರುಗಿಸಿದರು. ಸಾಹುಕಾರರ ದುಡ್ಡು ಮೂರು ರೂಪಾಯಿ ಬಡ್ಡಿಯದು. ನೂರಕ್ಕೆ ತಿಂಗಳಿಗೆ ಮೂರು. ಲಕ್ಷಕ್ಕೆ ತಿಂಗಳಿಗೆ 3,000, ವರ್ಷಕ್ಕೆ 36,000, ಅಸಲು ಹಾಗೇ ನಿಂತಿರುತ್ತದೆ. ಮಾತಾಡಿಸಲು ಹೋದಾಗ ಕಾಕಾ ಅಂದರು: “ತಮ್ಮಾ, ಹಣೆಬರದಾಗ ಏನು ಇತ್ತೋ ಅದು ಆತು ಬಿಡು.”

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ರಕ್ತನಾಳ ಕಟ್ಟಿಕೊಂಡದ್ದಕ್ಕೆ ಹಣೆಬರಹವನ್ನು ದೂರಿದರೆ ಅದನ್ನು ಹಿರಿಯರ ಸಮಾಧಾನದ ಮಾತೆಂದು ಒಪ್ಪಿಕೊಳ್ಳಬಹುದು. ಆದರೆ ಮೂರು ರೂಪಾಯಿ ಬಡ್ಡಿ ಯಾರ ಹಣೆಯಲ್ಲಿ ಯಾರು ಬರೆದದ್ದು? ಕಾರ್ಡು ಟ್ರಂಕಿನ ತಳ ಸೇರಿದ್ದನ್ನು ಯಾವ ವಿಧಿ ಬರೆದಿತ್ತು? ರೋಗ ಬರುವುದು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ರೋಗದ ಹಿಂದೆ ಸಾಲ ಬರುವುದು ಮಾತ್ರ ಪೂರ್ತಿಯಾಗಿ ಮನುಷ್ಯರ ಏರ್ಪಾಡು, ಆದ್ದರಿಂದ ಮನುಷ್ಯರೇ ಬದಲಾಯಿಸಬಹುದಾದದ್ದು. ಬದಲಾಯಿಸಿಯೂ ಇದ್ದಾರೆ, ಅದೂ ನಮ್ಮ ನೆಲದಿಂದಲೇ ಶುರುಮಾಡಿ.

ನಮ್ಮೂರು ಉಟ್ಕೂರು ಇಂದು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯಲ್ಲಿದೆ, 2019ಕ್ಕೆ ಮೊದಲು ಮಹಬೂಬ್‌ನಗರ ಜಿಲ್ಲೆಯಲ್ಲಿತ್ತು. ಅವಿಭಜಿತ ಆಂಧ್ರಪ್ರದೇಶದಲ್ಲಿ ಆರೋಗ್ಯಶ್ರೀ ಯೋಜನೆ 2007ರ ಏಪ್ರಿಲ್ 1ರಂದು ಶುರುವಾದಾಗ ಮೊದಲು ಆರಿಸಿಕೊಂಡದ್ದು ಮೂರೇ ಜಿಲ್ಲೆ: ಅನಂತಪುರ, ಶ್ರೀಕಾಕುಳಂ ಮತ್ತು ನಮ್ಮ ಮಹಬೂಬ್‌ನಗರ. ದೇಶದ ಬಡವರ ಆರೋಗ್ಯ ವಿಮೆಗೆ ಆಮೇಲೆ ಮಾದರಿಯಾದ ಯೋಜನೆಯ ಮೊದಲ ಫಲಾನುಭವಿಗಳಲ್ಲಿ ಪಾಲಮೂರಿನವರು, ಅಂದರೆ ಗುಳೆ ಹೋಗುವವರೆಂದೇ ಹೆಸರಾದ ನಮ್ಮ ಮಹಬೂಬ್‌ನಗರದವರು, ಇದ್ದರು. ಅದಕ್ಕೆ ಮೊದಲು ದೊಡ್ಡ ಕಾಯಿಲೆ ಬಂದ ಬಡವನಿಗೆ ಇದ್ದ ದಾರಿ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕುವುದು. ಶಾಸಕರ ಪತ್ರ ಬೇಕು, ಹೈದರಾಬಾದಿಗೆ ಅಲೆಯಬೇಕು, ಮಗುವಿನ ಹೃದಯದಲ್ಲಿ ರಂಧ್ರವಿದೆ ಎಂದು ಹತ್ತು ಮೇಜಿನ ಮುಂದೆ ಕೈಮುಗಿದು ಹೇಳಬೇಕು. ಆ ಅರ್ಜಿಗಳ ರಾಶಿಯೇ ಯೋಜನೆಗೆ ಕಾರಣವಾಯಿತು. ಸ್ವತಃ ವೈದ್ಯರಾಗಿದ್ದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ರಾಜಕೀಯವನ್ನು ಯಾರು ಹೇಗೆ ಬೇಕಾದರೂ ಅಳೆಯಲಿ. ಕೈಮುಗಿಯಬೇಕಾಗಿದ್ದ ಕಡೆ ಕಾರ್ಡು ತೋರಿಸಿದರೆ ಸಾಕು ಎಂದಾದದ್ದನ್ನು ನಾನು ಸಣ್ಣ ಬದಲಾವಣೆ ಎನ್ನಲಾರೆ. ದಾನ ಕೇಳುವವನ ಕತ್ತು ಬಗ್ಗಿರುತ್ತದೆ.

ಅಂದು ಕುಟುಂಬಕ್ಕೆ ವರ್ಷಕ್ಕೆ 2 ಲಕ್ಷದವರೆಗೆ ಚಿಕಿತ್ಸೆ ಇತ್ತು. ತೆಲಂಗಾಣದಲ್ಲಿ 5 ಲಕ್ಷವಿದ್ದದ್ದು 2023ರ ಡಿಸೆಂಬರ್ 9ರಿಂದ 10 ಲಕ್ಷವಾಗಿದೆ. ಕೇಂದ್ರದ ಆಯುಷ್ಮಾನ್ ಭಾರತ್ 2018ರ ಸೆಪ್ಟೆಂಬರ್ 23ರಂದು ಬಂತು, ಕುಟುಂಬಕ್ಕೆ 5 ಲಕ್ಷ. ತೆಲಂಗಾಣ ಅದನ್ನು 2021ರಲ್ಲಿ ಆರೋಗ್ಯಶ್ರೀಯೊಂದಿಗೆ ಸೇರಿಸಿಕೊಂಡಿತು. ಇಷ್ಟೆಲ್ಲ ಇದ್ದೂ ಕಾಕಾ ಅವರ ಮನೆಯಲ್ಲಿ ಆ ರಾತ್ರಿ ಮೂರು ಕೈಗಳ ಪೈಕಿ ಟ್ರಂಕಿಗೆ ಹೋದ ಕೈ ಮಾತ್ರ ಬರಿದಾಗಿ ಬಂತು. ದೇವರಿಗೆ ಹೋಗುವ ದಾರಿ, ಸಾಹುಕಾರರ ಮನೆಯ ದಾರಿ ಎರಡೂ ತಲೆಮಾರುಗಳಿಂದ ಕಾಲಿಗೆ ಅಭ್ಯಾಸವಾದವು. ಮೂರನೆಯದು ಹೊಸ ದಾರಿ. ಯಾರೂ ನಡೆದು ತೋರಿಸಿಲ್ಲ.

ನಮ್ಮ ಭಾಗದ ಇನ್ನೊಂದು ತೊಡಕನ್ನೂ ಹೇಳಬೇಕು. 1956ರ ನವೆಂಬರ್ 1ರವರೆಗೆ ರಾಯಚೂರು, ಮಹಬೂಬ್‌ನಗರ ಎರಡೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಗದ್ವಾಲ, ಆಲಂಪುರಗಳಂತೂ ರಾಯಚೂರು ಜಿಲ್ಲೆಗೇ ಸೇರಿದ್ದವು. ಗೆರೆ ಎಳೆದದ್ದು ಆಮೇಲೆ. ಹೆಣ್ಣು ಕೊಡುವುದು, ತರುವುದು, ತೊಗರಿ ಮಾರುವುದು, ದವಾಖಾನಿಗೆ ಹೋಗುವುದು ಎಲ್ಲಕ್ಕೂ ನಮ್ಮ ಹಿರಿಯರ ಕಾಲು ಇಂದಿಗೂ ರಾಯಚೂರಿನ ಕಡೆಗೇ ತಿರುಗುತ್ತದೆ. ಡಾಕ್ಟರ ಮುಂದೆ ನೋವನ್ನು ಕನ್ನಡದಲ್ಲಿ ಹೇಳಬಹುದು ಎಂಬ ಧೈರ್ಯ ಅದಕ್ಕೆ ಕಾರಣ. ನೋವು ಹೇಳಿಕೊಳ್ಳುವುದು ತಾಯಿಮಾತಿನಲ್ಲೇ. ಕಾರ್ಡು ಮಾತ್ರ ಗೆರೆಯನ್ನು ನೋಡುತ್ತದೆ. ಆಯುಷ್ಮಾನ್ ಕಾರ್ಡಿಗೆ ರಾಜ್ಯದಾಚೆಯೂ ನಡೆಯುವ ಏರ್ಪಾಡಿದೆ, ಆದರೆ ಪಟ್ಟಿಯಲ್ಲಿರುವ ಆಸ್ಪತ್ರೆಯಾಗಿರಬೇಕು. ರಾಜ್ಯದ ಆರೋಗ್ಯಶ್ರೀಯನ್ನು ನಂಬಿ ಗಡಿ ದಾಟುವ ಮುನ್ನ 104ಕ್ಕೂ, ಆಯುಷ್ಮಾನ್‌ಗಾದರೆ 14555ಕ್ಕೂ ಫೋನು ಮಾಡಿ ಕೇಳಿಕೊಳ್ಳಬೇಕು. ಇದನ್ನು ಎದೆ ಹಿಡಿದುಕೊಂಡ ಮನುಷ್ಯನನ್ನು ಕಾರಿನಲ್ಲಿ ಮಲಗಿಸಿಕೊಂಡು ಕೇಳಲು ಆಗುವುದಿಲ್ಲ. ಆರಾಮಾಗಿದ್ದಾಗಲೇ ಕೇಳಿ, ನಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಯಾವ ಕಾರ್ಡು ನಡೆಯುತ್ತದೆ ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಸಾಧ್ಯ.

ಇಂಥ ಯೋಜನೆಗಳಿಂದ ನಿಜಕ್ಕೂ ಜೀವ ಉಳಿಯುತ್ತದೆಯೇ, ಇಲ್ಲ ಬರೀ ಆಸ್ಪತ್ರೆಗಳ ಗಲ್ಲಾ ತುಂಬುತ್ತದೆಯೇ ಎಂದು ಕೇಳುವವರಿದ್ದಾರೆ. ಕೇಳಲೇಬೇಕು. ನದಿಯಾಚೆ ಅದಕ್ಕೊಂದು ಉತ್ತರ ಸಿಕ್ಕಿದೆ. ಕರ್ನಾಟಕದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಉತ್ತರದ ಜಿಲ್ಲೆಗಳಿಗೆ ಬಂತು, ದಕ್ಷಿಣದವರಿಗೆ ತಡವಾಗಿ. ಆ ನಡುವಿನ ಕಾಲದಲ್ಲಿ ಯೋಜನೆ ಇದ್ದ ಹಳ್ಳಿಗಳನ್ನೂ, ಪಕ್ಕದಲ್ಲೇ ಇದ್ದು ಯೋಜನೆ ಇನ್ನೂ ಬಾರದ ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿ ನೋಡಿದರು. ಅವರ ವರದಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸತ್ತವರು ಯೋಜನೆ ಇಲ್ಲದ ಕಡೆ ಶೇ. 0.90, ಇದ್ದ ಕಡೆ ಶೇ. 0.32. ಕಾರ್ಡಿಗೆ ಅರ್ಹರಲ್ಲದ ಉಳ್ಳವರಲ್ಲಿ ಎರಡೂ ಕಡೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಒಂದೇ ಮಣ್ಣು, ಒಂದೇ ಜೋಳದ ರೊಟ್ಟಿ, ಪೂಜಿಸುವ ದೇವರುಗಳೂ ಅವೇ. ಬೇರೆಯಾಗಿದ್ದದ್ದು ಕಾರ್ಡು ಒಂದೇ. ಹಣೆಬರಹದ ಮಾತು ಬಂದಾಗಲೆಲ್ಲ ನನಗೆ ಈ ಎರಡು ಅಂಕಿಗಳು ನೆನಪಾಗುತ್ತವೆ.

ಹಾಗಾದರೆ ವಿಮೆ ಎಂದರೇನು? ಕಂತು, ಪಾಲಿಸಿ, ಕ್ಲೇಮು ಎಂಬ ಪದಗಳನ್ನೆಲ್ಲ ಬದಿಗಿಟ್ಟರೆ ನಮ್ಮ ಹೊಲದಲ್ಲೇ ಅದರ ಬೇರು ಕಾಣುತ್ತದೆ. ಮುಯ್ಯಾಳು ಪದ್ಧತಿ ಗೊತ್ತಿಲ್ಲದ ರೈತ ಯಾರು? ಇಂದು ನಿನ್ನ ಹೊಲದ ಕಳೆಗೆ ನಾವು, ನಾಳೆ ನಮ್ಮ ಹೊಲದ ಕೊಯ್ಲಿಗೆ ನೀವು. ಒಬ್ಬರ ಮೇಲೆ ಬೀಳುವ ಭಾರವನ್ನು ಹತ್ತು ಜನ ಹಂಚಿಕೊಳ್ಳುವುದು. ಆದರೆ ಮುಯ್ಯಾಳಿಗೆ ಎರಡು ಮಿತಿ. ಮುಖ ಪರಿಚಯ ಇರಬೇಕು, ತಿರುಗಿ ಬರುತ್ತದೆ ಎಂಬ ಲೆಕ್ಕ ಇರಬೇಕು. ಊರಾಚೆಯವನು, ಜಾತಿಯಾಚೆಯವನು ಎಷ್ಟೋ ಸಲ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಬೈಪಾಸಿನ ಖರ್ಚಂತೂ ಹತ್ತು ಮನೆಯ ಮುಯ್ಯಿಗೆ ಮೀರಿದ್ದು. ಆ ವೃತ್ತವನ್ನು ಲಕ್ಷ ಮನೆಗೆ, ಕೋಟಿ ಮನೆಗೆ ಹಿಗ್ಗಿಸಿದರೆ ಅದೇ ವಿಮೆ. ಮುಖ ನೋಡದವರ ನೋವಿಗೂ ನಾನು ಪಾಲುದಾರ ಎಂದು ಒಪ್ಪಿಕೊಳ್ಳುವುದು. ಕರುಣೆಯೊಂದಕ್ಕೆ ಅಷ್ಟು ದೂರ ಕೈ ಚಾಚಲು ಆಗುವುದಿಲ್ಲ. ಲೆಕ್ಕ ಗೊತ್ತಿರುವ ವಿವೇಕ ಜೊತೆಗೆ ಬೇಕು.

ಇದನ್ನು ಕೂಲಿಕಾರರು ವಿದ್ವಾಂಸರಿಗಿಂತ ಮೊದಲು ಅರ್ಥಮಾಡಿಕೊಂಡರು. ವೇಲ್ಸ್ ನಾಡಿನ ಟ್ರೆಡೆಗರ್ ಎಂಬ ಊರಿನ ಕಲ್ಲಿದ್ದಲ ಗಣಿ ಕಾರ್ಮಿಕರು ತಮ್ಮ ಕೂಲಿಯಿಂದ ಒಂದಿಷ್ಟು ತೆಗೆದಿಟ್ಟು ಡಾಕ್ಟರನ್ನೂ ಆಸ್ಪತ್ರೆಯನ್ನೂ ನಡೆಸಿದರು. ಅದೇ ಊರಿನ ಗಣಿ ಹುಡುಗ ಅನ್ಯೂರಿನ್ ಬೆವನ್ ಮುಂದೆ ಬ್ರಿಟನ್ನಿನ ಆರೋಗ್ಯ ಮಂತ್ರಿಯಾಗಿ 1948ರ ಜುಲೈ 5ರಿಂದ ಇಡೀ ದೇಶಕ್ಕೆ ಅದನ್ನು ಕೊಟ್ಟ. ಕರ್ನಾಟಕದ ಯಶಸ್ವಿನಿ ಯೋಜನೆಯೂ ಅದೇ ಕುಲದ್ದು. 2003ರಲ್ಲಿ ಸಹಕಾರ ಸಂಘದ ರೈತ ತಿಂಗಳಿಗೆ 5 ರೂಪಾಯಿ ಕೊಟ್ಟರೆ ಶಸ್ತ್ರಚಿಕಿತ್ಸೆ ಎಂದು ಶುರುವಾಯಿತು. ಹಿಂದೆ ಡಾ. ದೇವಿ ಶೆಟ್ಟಿಯವರ ಲೆಕ್ಕಾಚಾರವಿತ್ತು, ಮುಂದೆ ಹಾಲು ಸೊಸೈಟಿಯ, ಬೆಳೆಸಾಲದ ಸೊಸೈಟಿಯ ಲಕ್ಷಾಂತರ ರೈತರಿದ್ದರು. 2018ರಲ್ಲಿ ನಿಂತುಹೋಗಿ 2022ರಲ್ಲಿ ಮತ್ತೆ ಬಂದಿದೆ. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ನದಿಯಾಚೆ ಬೀಗರಿರುವವರು ಅವರಿಗೆ ಹೇಳಿ.

ಮಕ್ತಲ್‌ನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ಸ್ನೇಹಿತರೊಬ್ಬರು ಒಂದು ದಿನ ತಮ್ಮ ಆರೋಗ್ಯ ವಿಮೆಯ ಬಗ್ಗೆ ಬೇಸರದಿಂದ ಹೇಳಿದರು: “ಐದು ವರ್ಷ ಕಟ್ಟೀನ್ರಿ. ಒಂದು ದಿನಾನೂ ದವಾಖಾನಿ ಮೆಟ್ಟಿಲು ಹತ್ತಿಲ್ಲ. ದುಡ್ಡೆಲ್ಲ ದಂಡ ಆತು.” ಅವರ ದುಡ್ಡು ಎಲ್ಲಿ ಹೋಯಿತು? ಕಂಪನಿಯ ಲಾಭಕ್ಕೆ ಒಂದು ಪಾಲು ಹೋಗಿದೆ, ಅದನ್ನು ಮುಚ್ಚಿಡುವುದು ಬೇಡ. ಉಳಿದದ್ದು ಯಾರದೋ ಡಯಾಲಿಸಿಸ್‌ಗೆ, ಯಾರದೋ ಸೊಂಟದ ಮೂಳೆಗೆ ಹೋಗಿದೆ. ದಂಡವಾಗಲಿಲ್ಲ, ಇನ್ನೊಬ್ಬರ ಮನೆಯ ದೀಪಕ್ಕೆ ಎಣ್ಣೆಯಾಯಿತು. ಮುಯ್ಯಾಳಿನಲ್ಲಿ ತಿರುಗಿ ಬರಬೇಕೆಂಬ ನಿರೀಕ್ಷೆ ಇದೆ. ಇಲ್ಲಿ ತಿರುಗಿ ಬಾರದಿರಲಿ ಎಂದೇ ಬಯಸಬೇಕು. ಆಸ್ಪತ್ರೆ ಸೇರದೆ ವರ್ಷ ಕಳೆದದ್ದು ನಷ್ಟವೆಂದು ತೋರುವ ಮನಸ್ಸನ್ನು ನಾವು ತಿದ್ದಿಕೊಳ್ಳಬೇಕಾಗಿದೆ.

ಈ ಅಂಗಡಿಯವರಂಥವರ ಸ್ಥಿತಿಯೇ ಇಂದು ಹೆಚ್ಚು ಅಡಕತ್ತರಿಯದು. ಬಡವರ ಕಾರ್ಡಿಲ್ಲ, ನೌಕರಿಯಿಲ್ಲ. ಇಂಥ ನಡುವಿನವರು ದೇಶದಲ್ಲಿ ಕನಿಷ್ಠ ಶೇ. 30 ಮಂದಿ, ಸುಮಾರು 40 ಕೋಟಿ ಎಂದು ನೀತಿ ಆಯೋಗವೇ 2021ರಲ್ಲಿ ಲೆಕ್ಕ ಹಾಕಿತು. ಅವರು ಪೇಟೆಯ ಪಾಲಿಸಿಯನ್ನೇ ಕೊಳ್ಳಬೇಕು. ಮೊದಲಿಗಿಂತ ಕೆಲವು ನಿಯಮ ಸುಧಾರಿಸಿವೆ. ಹೈದರಾಬಾದಿನಲ್ಲೇ ಕಚೇರಿಯಿರುವ ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ 65 ವರ್ಷದ ವಯೋಮಿತಿ ತೆಗೆದುಹಾಕಿತು, ಹಳೆಯ ಕಾಯಿಲೆಗೆ ಕಾಯಬೇಕಾದ ಅವಧಿಯನ್ನು ಹೆಚ್ಚೆಂದರೆ ಮೂರು ವರ್ಷಕ್ಕೆ ಇಳಿಸಿತು. ಐದು ವರ್ಷ ಬಿಡದೆ ಕಟ್ಟಿದವರಿಗೆ, ನೀವು ಇಂಥದ್ದು ಹೇಳಲಿಲ್ಲ ಎಂದು ಕಂಪನಿ ತಕರಾರು ತೆಗೆಯುವಂತಿಲ್ಲ, ಮೋಸ ಸಾಬೀತಾದರೆ ಮಾತ್ರ ಬೇರೆ. ವ್ಯಕ್ತಿಗಳು ಕೊಳ್ಳುವ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಯಾವ ಪಾಲಿಸಿ ಎಂದು ತಲೆ ಕೆಡುವವರಿಗೆ ಎಲ್ಲ ಕಂಪನಿಗಳಲ್ಲೂ ಒಂದೇ ಷರತ್ತಿನ ಆರೋಗ್ಯ ಸಂಜೀವನಿ ಇದೆ, ಬಿಲ್ಲಿನಲ್ಲಿ ಶೇ. 5 ನಾವು ಭರಿಸಬೇಕು. ಕೋಣೆ ಬಾಡಿಗೆಯ ಮಿತಿಯನ್ನು ಮಾತ್ರ ಓದದೆ ಸಹಿ ಹಾಕಬೇಡಿ. ಮಿತಿ ಮೀರಿದ ಕೋಣೆ ಹಿಡಿದರೆ ಡಾಕ್ಟರ ಶುಲ್ಕದಿಂದ ಹಿಡಿದು ಎಷ್ಟೋ ಬಾಬ್ತುಗಳಲ್ಲಿ ಅದೇ ಪ್ರಮಾಣಕ್ಕೆ ಕತ್ತರಿ ಬೀಳಬಹುದು. ಪಾಲಿಸಿಯ ಸಾರಾಂಶದ ಹಾಳೆಯನ್ನು ಕೇಳಿದವರಿಗೆ ಅವರ ಭಾಷೆಯಲ್ಲಿ ಕೊಡಬೇಕೆಂಬ ನಿಯಮವೂ ಇದೆ. ಕನ್ನಡದಲ್ಲಿ ಕೇಳಿ. ಇಂಗ್ಲಿಷು ಬರದವನಿಂದ ಇಂಗ್ಲಿಷಿನ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅನ್ಯಾಯವೆಂದು ಒಪ್ಪಿದ್ದರಿಂದಲೇ ಆ ನಿಯಮ ಬಂದಿದೆ.

“ಶುಗರ್ ಇದ್ದದ್ದು ಬರೀಬ್ಯಾಡ್ರಿ, ಕಂತು ಜಾಸ್ತಿ ಆಗ್ತದ” ಎಂದು ಕಿವಿಯಲ್ಲಿ ಹೇಳುವ ಏಜೆಂಟರಿದ್ದಾರೆ. ಅವರಿಗೆ ಕಮಿಷನ್ನು ಅಂದೇ ಸಿಗುತ್ತದೆ, ನಮ್ಮ ಕ್ಲೇಮು ಮೂರು ವರ್ಷದ ಮೇಲೆ ಬಿದ್ದುಹೋಗುತ್ತದೆ. ಇಲ್ಲಿ ಸುಳ್ಳು ಬರೆಯುವುದು ಕಂಪನಿಗೆ ಮಾತ್ರ ಮಾಡುವ ಮೋಸ ಎಂದು ತಿಳಿಯಬಾರದು. ಅದು ಅದೇ ಗಡಿಗೆಗೆ ಹಿಡಿ ಕಾಳು ಹಾಕುತ್ತಿರುವ ಉಳಿದವರಿಗೆ ಮಾಡುವ ಮೋಸ. ಬೇಡದ ಆಪರೇಷನ್ ಮಾಡಿ ಯೋಜನೆಯ ದುಡ್ಡು ಎಳೆಯುವ ಆಸ್ಪತ್ರೆಗೂ ಇದೇ ಮಾತು. ಬಡ ಹೆಂಗಸರ ಗರ್ಭಕೋಶವನ್ನು ಕಾರಣವಿಲ್ಲದೆ ತೆಗೆದ ಸುದ್ದಿ ತೆಲುಗು ನಾಡಿನಿಂದಲೂ ಕಲಬುರಗಿಯ ತಾಂಡಾಗಳಿಂದಲೂ ಬಂದದ್ದನ್ನು ನಾವು ಮರೆಯಬಾರದು. ಆಪರೇಷನ್ ಬೇಕೆಂದಾಗ ಇನ್ನೊಬ್ಬ ವೈದ್ಯರನ್ನು ಕೇಳುವುದು ಅವಿಶ್ವಾಸವಲ್ಲ. ದೇವರನ್ನು ಪ್ರಶ್ನಿಸಬಹುದೆನ್ನುವ ನಾವು ಬಿಳಿ ಕೋಟನ್ನೂ ಪ್ರಶ್ನಿಸಬಹುದು.

ಹೈದರಾಬಾದು, ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ, ಫ್ಯಾಕ್ಟರಿಗೆ ಹೋಗಿರುವ ನಮ್ಮೂರ ಹುಡುಗರ ವಿಷಯ ಬೇರೆ. ತಿಂಗಳಿಗೆ 21,000ದವರೆಗೆ ಸಂಬಳವಿದ್ದು, ಕಾಯ್ದೆಗೆ ಒಳಪಟ್ಟ ಕಡೆ ದುಡಿಯುವವರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇರುತ್ತದೆ. ಸಂಬಳದಲ್ಲಿ ಹಿಡಿಯುವುದು ಶೇ. 0.75 ಮಾತ್ರ, ಮಾಲಕರು ಕಟ್ಟಬೇಕಾದದ್ದು ಶೇ. 3.25. ಹದಿನೈದು ಸಾವಿರ ಎಣಿಸುವ ಹುಡುಗನಿಗೆ ಕೈಬಿಡುವುದು ನೂರಾ ಹನ್ನೆರಡೂವರೆ ರೂಪಾಯಿ. ಹೆಂಡತಿ ಮಕ್ಕಳಿಗೂ, ಅವನನ್ನೇ ನಂಬಿದ ತಂದೆತಾಯಿಗೂ ಅದರಲ್ಲಿ ಚಿಕಿತ್ಸೆ ಇದೆ, ಮಾತ್ರೆಯಿಂದ ಆಪರೇಷನ್‌ವರೆಗೆ. ಹಬ್ಬಕ್ಕೆ ಬಂದವರನ್ನು ಕೇಳಿದರೆ ಬಹುತೇಕರಿಗೆ ತಮ್ಮ ನಂಬರೇ ಗೊತ್ತಿಲ್ಲ. ದುಡ್ಡು ಮಾತ್ರ ಪ್ರತಿ ತಿಂಗಳು ಹಿಡಿದಿರುತ್ತದೆ. 70 ದಾಟಿದವರಿಗೆ 2024ರ ಅಕ್ಟೋಬರ್‌ನಿಂದ ಆದಾಯ ನೋಡದೆ ಆಯುಷ್ಮಾನ್ ಅಡಿಯಲ್ಲಿ 5 ಲಕ್ಷದ ಅವಕಾಶ ತೆರೆದಿದೆ. ವಯಸ್ಸಿನ ದಾಖಲೆ ಆಧಾರ್. ಹುಟ್ಟಿದ ವರ್ಷವನ್ನು ಅಂದಾಜಿನಲ್ಲಿ ಬರೆಸಿದ ಅಜ್ಜಂದಿರು ಅಲ್ಲೇ ಸಿಕ್ಕಿಬೀಳುತ್ತಾರೆ.

ಇದೆಲ್ಲ ಹೇಳಿದ ಮೇಲೆ ವಿಮೆಯನ್ನೇ ಹೊಸ ದೇವರು ಮಾಡಿ ಕೂರಿಸುವುದಕ್ಕೆ ನಾನು ಒಪ್ಪುವುದಿಲ್ಲ. ಆರೋಗ್ಯಶ್ರೀ ಹಾಸಿಗೆ ಹಿಡಿದವನಿಗೆ ಬರುತ್ತದೆ. ಬಿಪಿ ಮಾತ್ರೆಗೆ ಬರುವುದಿಲ್ಲ. ಕಾಕಾ ಅವರಿಗೆ ಬಿಪಿ ಇದ್ದದ್ದು ಎಂಟು ವರ್ಷದಿಂದ. ತಿಂಗಳ ಕೊನೆಗೆ ಕೈಯಲ್ಲಿ ದುಡ್ಡಿಲ್ಲದಿದ್ದರೆ ಮಾತ್ರೆ ಬಿಡುತ್ತಿದ್ದರು, ತಲೆ ತಿರುಗದಿದ್ದರೆ ಬಿಪಿ ಇಲ್ಲ ಎಂದುಕೊಳ್ಳುತ್ತಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದೇ ಮಾತ್ರೆ ಬಿಟ್ಟಿ. ಒಂದು ಸಲ ಹೋದಾಗ ಮುಗಿದಿದೆ ಎಂದರಂತೆ, ಮತ್ತೆ ಅತ್ತ ಮುಖ ಹಾಕಲಿಲ್ಲ. ಆ ಮಾತ್ರೆಯ ಪಟ್ಟಿ ತಪ್ಪದೆ ಸಿಕ್ಕಿದ್ದರೆ ಆ ರಾತ್ರಿಯ ಕಾರು ಬೇಕಾಗುತ್ತಿರಲಿಲ್ಲವೇನೋ. ದೊಡ್ಡ ಆಸ್ಪತ್ರೆಯ ಬಿಲ್ಲಿಗೆ ಕೋಟಿಗಟ್ಟಲೆ ಸುರಿಯುವ ಸರ್ಕಾರ ಉಪಕೇಂದ್ರದ ಬೀರುವನ್ನು ಖಾಲಿ ಬಿಟ್ಟರೆ ಅದು ಬಾವಿಗೆ ಕಟ್ಟೆ ಕಟ್ಟದೆ ಬಿದ್ದವರನ್ನು ಎತ್ತಲು ಹಗ್ಗ ಕೊಂಡಂತೆ. ಹಣವಿಲ್ಲವೆಂಬ ಕಾರಣಕ್ಕೆ ಯಾರೊಬ್ಬರೂ ಚಿಕಿತ್ಸೆಯಿಂದ ವಂಚಿತರಾಗಬಾರದು ಎಂದು ಭೋರ್ ಸಮಿತಿ 1946ರಲ್ಲೇ, ಸ್ವಾತಂತ್ರ್ಯಕ್ಕೂ ಮೊದಲು ಹೇಳಿತ್ತು. ರಾಷ್ಟ್ರೀಯ ಲೆಕ್ಕದ ಪ್ರಕಾರ ದೇಶದ ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಕಿಸೆಯಿಂದ ಕೊಡುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ಕ್ಕೆ ಶೇ. 39.4ಕ್ಕೆ ಇಳಿದಿದೆ. ಇಳಿದದ್ದು ಸಮಾಧಾನ. ಆ ಉಳಿದ ಶೇ. 39ರಲ್ಲಿ ಕಾಕಾ ಅವರ ಮೂರು ರೂಪಾಯಿ ಬಡ್ಡಿಯೂ ಲೆಕ್ಕಕ್ಕೆ ಬಂದಿಲ್ಲ.

ಹೋದ ಬೇಸಿಗೆಯಲ್ಲಿ ಸಣ್ಣ ಮಗ ನಮ್ಮ ಮನೆಗೆ ಬಂದ. ಅವನ ಹೆಂಡತಿ ಬಸುರಿ. ಮದುವೆಯಾಗಿ ನಾಲ್ಕು ವರ್ಷವಾದರೂ ಅವಳ ಹೆಸರು ಇನ್ನೂ ಕಾರ್ಡಿಗೆ ಸೇರಿರಲಿಲ್ಲ. ಹೊಸ ಕಾರ್ಡು, ಹೊಸ ಹೆಸರು ಎರಡೂ ತೆಲಂಗಾಣದಲ್ಲಿ ವರ್ಷಗಟ್ಟಲೆ ನಿಂತುಹೋಗಿ 2025ರಲ್ಲಿ ಮತ್ತೆ ಚಾಲೂ ಆದದ್ದು. ಅವಳ ತವರು ರಾಯಚೂರು ಕಡೆಯ ಹಳ್ಳಿ. ಅಲ್ಲಿನ ಕಾರ್ಡಿನಿಂದ ಹೆಸರು ತೆಗೆಸಬೇಕು, ಇಲ್ಲಿ ಸೇರಿಸಬೇಕು. ಆಧಾರ್‌ನಲ್ಲಿ ಹೆಸರು ಕನ್ನಡದಲ್ಲಿ ಸರಿಯಾಗಿದೆ, ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪು. ಮೀಸೇವಾ ಎಂಬ ಸರ್ಕಾರಿ ಸೇವಾ ಕೇಂದ್ರಕ್ಕೆ ಮೂವರೂ ಹೋದೆವು. ಬೆಳಿಗ್ಗೆ ಹೋದವರು ಊಟದ ಹೊತ್ತು ಮೀರಿದ ಮೇಲೆ ಒಳಗೆ ಕುಳಿತೆವು. ಕಂಪ್ಯೂಟರಿನ ಹುಡುಗ ಹೆಸರನ್ನು ತೆಲುಗಿನಲ್ಲಿ ಟೈಪು ಮಾಡಿ ಪರದೆಯನ್ನು ನಮ್ಮ ಕಡೆ ತಿರುಗಿಸಿದ. ಅವಳಿಗೆ ತೆಲುಗು ಓದಲು ಬಾರದು. ನಾನು ಒಂದೊಂದೇ ಅಕ್ಷರ ಕನ್ನಡದಲ್ಲಿ ಹೇಳಿದೆ. ಅವಳು ಎಡಗೈ ಹೊಟ್ಟೆಯ ಮೇಲಿಟ್ಟುಕೊಂಡು, ಬಲಗೈ ಬೆರಳನ್ನು ಪರದೆಯ ಮೇಲೆ ಅಕ್ಷರದಿಂದ ಅಕ್ಷರಕ್ಕೆ ಸರಿಸುತ್ತ ಕೊನೆಯವರೆಗೂ ನೋಡಿ, “ಹೂಂ, ನಂದೇ” ಅಂದಳು.